ರಗ್ಬಿ ಆಡಿದ ಕುತ್ತಿಗೆ, ಮಣ್ಣು ಹಿಡಿಯದ ಕೈ

ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳಲು ಹೊರಟವರು ಈಗಲೂ ಆಗಾಗ ನನ್ನ ಬಳಿ ಬರುತ್ತಾರೆ. ಜಮಖಂಡಿಯಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದ ಮಾಳಪ್ಪ ಎಂಬ ಮುದುಕ ಒಂದು ಕಾಲದಲ್ಲಿ ಹಿಂದೂಸ್ಥಾನದ ಪರವಾಗಿ ಪರದೇಶದಲ್ಲಿ ರಗ್ಬಿ ಆಡಿದ್ದನಂತೆ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ಬಂದವರು ಕಾಲಿಗೆ ಬೀಳುತ್ತಾರೆ, ಗೋಡೆಯ ಮೇಲೆ ಫೋಟೋ ಹುಡುಕುತ್ತಾರೆ, ಗೆದ್ದ ಕಪ್ ಎಲ್ಲಿದೆ ಎಂದು ಕೇಳುತ್ತಾರೆ. ಕಪ್ಪೂ ಇಲ್ಲ, ಫೋಟೋವೂ ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಆಮೇಲೆ ಚಹಾ ಕುಡಿಯುತ್ತ, "ನಮಗೊಂದ್ ನಾಕ್ ಮಾತ ಹೇಳ್ರಿ ಸರ್" ಎನ್ನುತ್ತಾರೆ. ನಾನು ಎಡಗೈಯಲ್ಲಿ ಬಸಿ ಹಿಡಿದು ಚಹಾ ಕುಡಿಯುವುದನ್ನು ನೋಡಿಯೂ ಬಲಗೈಗೆ ಏನಾಯಿತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ಕೇಳದಿದ್ದರೂ ಹೇಳುತ್ತೇನೆ. ನಾಲ್ಕು ಮಾತು ಬೇಕಲ್ಲವೇ? ನನ್ನ ಹತ್ತಿರ ಇರುವುದು ಅದೊಂದೇ.

ನಾವು ಮುಧೋಳದ ದಾರಿಯ ಕಡೆಯವರು, ಕುರಿ ಕಾಯುವ ಮನೆತನ, ಬೀರದೇವರ ಒಕ್ಕಲು. ನಾನು ಟಗರಿನ ಕೊಂಬು ಹಿಡಿದು ಅದನ್ನು ಹಿಂದಕ್ಕೆ ದೂಡುವುದನ್ನು ಕಂಡ ಅಪ್ಪ, ಇವನು ಕುರಿ ಹಿಂದೆ ಅಲೆಯುವುದು ಬೇಡ ಎಂದು ಜಮಖಂಡಿಗೆ ಕರೆತಂದು ರಾಚಪ್ಪ ವಸ್ತಾದರ ತಾಲೀಮಿಗೆ ಬಿಟ್ಟ. ಕುಸ್ತಿ ಕಲಿಸುವ ಗುರುವಿಗೆ ನಮ್ಮಲ್ಲಿ ವಸ್ತಾದ ಎನ್ನುತ್ತಾರೆ. ತಾಲೀಮೆಂದರೆ ಗರಡಿಮನೆ. ಒಳಗೆ ಕೆಮ್ಮಣ್ಣಿನ ಕಣ. ಆ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುತ್ತಿದ್ದರು. ಅದರ ವಾಸನೆ ನನಗೆ ತಾಯಿಯ ಸೆರಗಿನ ವಾಸನೆಗಿಂತ ಹೆಚ್ಚು ನೆನಪಿದೆ.

ರಾಚಪ್ಪ ವಸ್ತಾದರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಸಿಟ್ಟು ಮಾತ್ರ ಧಾರಾಳವಾಗಿತ್ತು. ಎರಡು ಸಂಗತಿಗಳ ಮೇಲೆ ಅವರಿಗೆ ಬಲು ಅಭಿಮಾನ. ಒಂದು, ಸುತ್ತಲಿನ ಊರುಗಳಲ್ಲಿ ಯಾರಿಗೆ ಕೀಲು ತಪ್ಪಿದರೂ, ಕುತ್ತಿಗೆ ಉಳುಕಿದರೂ ಅವರಲ್ಲಿಗೇ ಬರುತ್ತಿದ್ದರು. ಎಣ್ಣೆ ಹಚ್ಚಿ, ಮಾತಾಡಿಸುತ್ತ ಮಾತಾಡಿಸುತ್ತ ಒಂದೇ ಜಗ್ಗಿಗೆ ಸರಿ ಮಾಡಿ ಕಳಿಸುತ್ತಿದ್ದರು. ಇನ್ನೊಂದು, ಅವರ ತಾಲೀಮಿನ ಪೈಲ್ವಾನ ಎಂದೂ ನೂರಾ ಕುಸ್ತಿ ಹಿಡಿದವನಲ್ಲ. ನೂರಾ ಕುಸ್ತಿ ಎಂದರೆ ಇಬ್ಬರೂ ಮೊದಲೇ ಒಳಗೊಳಗೆ ಮಾತಾಡಿಕೊಂಡು ಜನರ ಕಣ್ಣಿಗೆ ಮಣ್ಣೆರಚುವ ಸುಳ್ಳು ಕುಸ್ತಿ. ಆ ಶಬ್ದ ಕಿವಿಗೆ ಬಿದ್ದರೆ ಸಾಕು, ವಸ್ತಾದರು ಉಗುಳಿ ಬರಲು ಹೊರಗೆ ಎದ್ದು ಹೋಗುತ್ತಿದ್ದರು.

ಸಂಸ್ಥಾನವಿದ್ದಾಗ ತಾಲೀಮಿಗೆ ಹಾಲು, ಬಾದಾಮಿ ಎಲ್ಲ ಅರಮನೆಯಿಂದ ಬರುತ್ತಿತ್ತು. ಸಂಸ್ಥಾನ ಮುಗಿದು ನಾವೆಲ್ಲ ಮುಂಬೈ ರಾಜ್ಯದವರಾದೆವು, ಹಾಲು ನಿಂತಿತು. ಅದಕ್ಕೆ ಯಾರನ್ನು ಬೈಯುವುದು? ಮೊದಲ ದಿನ ವಸ್ತಾದರು ಗುಡುಗಿದರು: "ಹಾಲು ನಿಂತರ ನಿಂತೀತು. ಬೈಠಕ್ ನಿಂತಾವೇನ್ಲೇ? ಏಳ್ರಿ!" ಬೈಠಕ್ ಹೊಡೆದೆವು. ಆದರೆ ಬರೀ ಜೋಳದ ರೊಟ್ಟಿಯ ಮೇಲೆ ಎಷ್ಟು ದಿನ? ಒಬ್ಬ ರಬಕವಿಗೆ ಮಗ್ಗಕ್ಕೆ ಹೋದ, ಒಬ್ಬ ಹಿಪ್ಪರಗಿಯಲ್ಲಿ ಮಾವನ ಹೊಲಕ್ಕೆ ಹೋದ. ಕೊನೆಗೆ ನಾನೂ ವಸ್ತಾದರ ಕಾಲಿಗೆ ಬಿದ್ದು ಕುಡಚಿಯಲ್ಲಿ ರೈಲು ಹತ್ತಿದೆ. ಅವರು ಹೇಳಿದ್ದು ಒಂದೇ ಮಾತು. "ಎಲ್ಲಿದ್ರೂ ಮಣ್ಣ ಮರೀಬ್ಯಾಡ, ಮಾಳ್ಯಾ. ನಿನ್ನ ಒಂದ್ ಛಲೋ ಕುಸ್ತಿ ನನ್ನ ಕಣ್ಣಾರೆ ನೋಡೂದೈತಿ."

ಮುಂಬೈಯಲ್ಲಿ ಬಂದರಿನ ಹತ್ತಿರ ಒಂದು ಇಂಗ್ಲಿಷ್ ಕಂಪನಿಯ ಗೋದಾಮಿಗೆ ಕಾವಲುಗಾರನಾದೆ. ಕುಡಿದು ಬಂದ ಹಮಾಲನೊಬ್ಬ ಚಾಕು ತೆಗೆದಾಗ ಅವನನ್ನು ಹೊಡೆಯದೆ ಬಡಿಯದೆ ಸುಮ್ಮನೆ ಎತ್ತಿ ಹತ್ತಿಯ ಅಂಡಿಗೆಯ ಮೇಲೆ ಮಲಗಿಸಿದೆ. ಮೇಲಿನಿಂದ ಮೆಕ್ಲೀನ್ ಸಾಹೇಬ ನೋಡಿದ. ಅವನು ಕಂಪನಿಯ ಮ್ಯಾನೇಜರ್. ಕೆಂಪು ಮೀಸೆ, ಮುರುಕು ಹಿಂದೂಸ್ಥಾನಿ. ಯಾವ ಊರು ಎಂದು ಕೇಳಿದ. ಜಮಖಂಡಿ ಎಂದೆ, ತಿಳಿಯಲಿಲ್ಲ. ಮುಧೋಳ ಎಂದೆ. ಅವನ ಮುಖ ಅರಳಿತು. "ಮುಧೋಳ್! ಕುತ್ತಾ!" ಎಂದ. ಅವನಿಗೆ ಮುಧೋಳ ಗೊತ್ತಿದ್ದದ್ದು ಬೇಟೆನಾಯಿಯಿಂದ. ಮುಂದೆ ಎಲ್ಲೆಲ್ಲಿ ಕರೆದೊಯ್ದನೋ ಅಲ್ಲೆಲ್ಲ ನನ್ನನ್ನು ನಾಯಿಯ ಊರಿನವನೆಂದೇ ಪರಿಚಯಿಸಿದ. ಅವಮಾನವೆನಿಸಿತೇ ಎಂದು ಕೇಳಬೇಡಿ. ದಿನಕ್ಕೆರಡು ಮೊಟ್ಟೆ, ಹೊಟ್ಟೆ ತುಂಬ ಹಾಲು ಕೊಡಿಸುತ್ತಿದ್ದ.

ಅವರದು ರಗ್ಬಿ ತಂಡ. ಚೆಂಡು ಸುಲಿದ ತೆಂಗಿನಕಾಯಿಯ ಆಕಾರ. ಅದನ್ನು ಕೈಯಲ್ಲಿ ಹಿಡಿದು ಎದುರಿನವರ ಗೆರೆ ದಾಟುವತನಕ ಓಡಬೇಕು, ಹಿಡಿದವನನ್ನು ಕೆಡವಬೇಕು. ನಡುನಡುವೆ ಈ ಕಡೆ ಎಂಟು ಜನ, ಆ ಕಡೆ ಎಂಟು ಜನ ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿ ಬಗ್ಗಿ, ತಲೆಗೆ ತಲೆ ಸಿಕ್ಕಿಸಿ ಟಗರುಗಳ ಹಾಗೆ ದೂಡುತ್ತಾರೆ. ಸ್ಕ್ರಮ್ ಎಂದು ಅದರ ಹೆಸರು. ಅದರ ಮೊದಲ ಸಾಲಿಗೆ ಸಾಹೇಬನಿಗೆ ಬೇಕಾಗಿದ್ದದ್ದು ನನ್ನ ಕುತ್ತಿಗೆ. ಉಳಿದ ನಾನು ಅದರ ಜೊತೆಗೆ ಬಂದ ಸಾಮಾನು, ಅಷ್ಟೇ.

ಮೊದಲ ಪಂದ್ಯದಲ್ಲಿ ನಾನು ಮಾಡಿಕೊಂಡ ಫಜೀತಿ ಕೇಳಿ. ಚೆಂಡು ಹಿಡಿದು ಓಡಿಬಂದ ಎತ್ತರದ ಗೋರಾನೊಬ್ಬನನ್ನು ಸೊಂಟಕ್ಕೆ ಹಿಡಿದು, ತಿರುವಿ, ಬೆನ್ನು ಮಣ್ಣಿಗೆ ಹಚ್ಚಿದೆ. ಎರಡೂ ಭುಜ ನೆಲಕ್ಕೆ ತಾಗಿದವು. ನಮ್ಮಲ್ಲಿ ಅಲ್ಲಿಗೆ ಕುಸ್ತಿ ಮುಗಿಯಿತು. ಎದ್ದು ನಿಂತು, ನೆಲದ ಮಣ್ಣು ಹಣೆಗೆ ಒತ್ತಿಕೊಂಡು, ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಿ, ಜನರ ಕಡೆ ತಿರುಗಿ ನಮಸ್ಕಾರ ಮಾಡಿದೆ. ಅಷ್ಟರಲ್ಲಿ ಉರುಳಿದ ಚೆಂಡನ್ನು ಅವರ ಕಡೆಯವನೊಬ್ಬ ಎತ್ತಿಕೊಂಡು ನನ್ನ ಬೆನ್ನ ಹಿಂದಿನಿಂದಲೇ ಓಡಿಹೋಗಿ ಗೆರೆ ದಾಟಿದ. "ಖತಮ್ ನಹೀ! ಮಾಲಪ್ಪಾ, ಖತಮ್ ನಹೀ!" ಎಂದು ಸಾಹೇಬ ತಲೆ ಚಚ್ಚಿಕೊಳ್ಳುತ್ತಿದ್ದ. ಮುಗಿದಿಲ್ಲವಂತೆ! ಬೆನ್ನು ಮಣ್ಣಿಗೆ ಬಿದ್ದ ಮೇಲೂ ಮುಗಿಯದ ಆಟವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗ್ಯಾಲರಿಯಲ್ಲಿದ್ದ ಗೋರಾ ಮೇಡಮ್ಮಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕಲಿತೆ. ಹಣೆಗೆ ಮಣ್ಣು ಹಚ್ಚಿಕೊಳ್ಳುವುದನ್ನು ಬಿಟ್ಟೆ, ಕೈ ಕೊಟ್ಟು ಎಬ್ಬಿಸುವುದನ್ನು ಬಿಟ್ಟೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರಮ್ಮಿನಲ್ಲಿ ನನ್ನನ್ನು ಹಿಂದಕ್ಕೆ ತಳ್ಳುವವರು ಮುಂಬೈಯಲ್ಲಿ ಇರಲಿಲ್ಲ. ಸಿಲೋನಿಗೆ ಹೋಗುವ ಹಿಂದೂಸ್ಥಾನದ ತಂಡಕ್ಕೆ ಆರಿಸಿದರು. ತಂಡದ ತುಂಬ ಸಾಹೇಬರೇ, ನಮ್ಮವರೆಂದರೆ ಬೆರಳೆಣಿಕೆಯವರು. ಹಾಗೆ ನಾನು ಅಂತರರಾಷ್ಟ್ರೀಯ ಆಟಗಾರನಾದೆ. ವಸ್ತಾದರಿಗೆ ಕಾಗದ ಬರೆಸಿ ಹಾಕಿದೆ. ಅವರು ಅದನ್ನು ಊರಿಡೀ ಓದಿಸಿದರಂತೆ. ಅದರಲ್ಲಿ ಯಾವ ಆಟ ಎಂಬುದು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಮಾಳ್ಯಾ ಸಮುದ್ರದಾಚೆ ಕುಸ್ತಿ ಹಿಡಿಯಲು ಹೋಗಿದ್ದಾನೆ ಎಂದೇ ಜಮಖಂಡಿ ತಿಳಿಯಿತು.

ಕೊಲಂಬೋದಲ್ಲಿ ಮಳೆ ಬಂದು ಮೈದಾನ ರಾಡಿಯಾಗಿತ್ತು. ಸ್ಕ್ರಮ್ ಕುಸಿಯಿತು. ನನ್ನ ತಲೆ ಕೆಳಗೆ ಸಿಕ್ಕಿಕೊಂಡಿತು, ಹಿಂದಿನವರು ದೂಡುತ್ತಲೇ ಇದ್ದರು. ಕಬ್ಬು ಮುರಿದಂಥ ಸದ್ದು ಒಳಗಿನಿಂದ ಕೇಳಿತು. ಬಲಗೈಯಲ್ಲಿ ಭುಜದಿಂದ ಬೆರಳಿನವರೆಗೂ ಇರುವೆ ಹರಿದಂತಾಯಿತು. ಆಗ ಒಬ್ಬನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ಬಾಯಿಗೆ ನೀರು ಹಾಕಿ ಎಬ್ಬಿಸಿದರು. ಮತ್ತೆ ಹೋಗಿ ತಲೆ ಕೊಟ್ಟೆ. ಈಗ ನೀವು ಕುತ್ತಿಗೆ ಹಿಡಿದುಕೊಂಡು ಕೂತರೆ ಆಟ ನಿಲ್ಲಿಸುತ್ತಾರೆ, ಸ್ಟ್ರೆಚರ್ ಬರುತ್ತದೆ. ಬದಲಾದದ್ದರಲ್ಲಿ ಇದೊಂದನ್ನು ನಾನು ಮನಸಾರೆ ಒಪ್ಪುತ್ತೇನೆ. ಆ ಪಂದ್ಯ ಗೆದ್ದೆವೋ ಸೋತೆವೋ, ದೇವರಾಣೆಗೂ ನೆನಪಿಲ್ಲ.

ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ತರುಣ ಡಾಕ್ಟರು ಫೋಟೋ ತೆಗೆಸಿ ನೋಡಿ, ಕುತ್ತಿಗೆಯ ಎಲುಬಿಗೆ ಪೆಟ್ಟಾಗಿದೆ, ನರ ಒತ್ತಿಕೊಂಡಿದೆ, ಭಾರ ಎತ್ತದೆ ಸುಮ್ಮನಿದ್ದರೆ ಕೈ ತಿರುಗಿ ಬಂದೀತು ಎಂದರು. ಕೊನೆಗೆ ಮರಾಠಿಯಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿದರು: ಯಾರಿಗೂ ಕುತ್ತಿಗೆ ಮುಟ್ಟಲು ಬಿಡಬೇಡ, ಅವರು ಎಷ್ಟೇ ಬಲ್ಲವರಾಗಿರಲಿ. ಮೆಕ್ಲೀನ್ ಸಾಹೇಬ ಹಣ್ಣು ತಂದುಕೊಟ್ಟ, ಕಣ್ಣಲ್ಲಿ ನೀರು ತಂದ, ಮುಂದಿನ ಹಡಗಿಗೆ ತನ್ನ ದೇಶಕ್ಕೆ ಹೊರಟುಹೋದ. ಹೊಸದಾಗಿ ಬಂದ ಮ್ಯಾನೇಜರನಿಗೆ ಲಾಠಿ ಹಿಡಿಯಲಾಗದ ಕಾವಲುಗಾರ ಯಾಕೆ ಬೇಕು? ಬರುವ ದಿನವಷ್ಟೇ ಕಾಗದದಲ್ಲಿ ತಿಳಿಸಿ ಊರಿಗೆ ಬಂದೆ.

ಕುಡಚಿಯಿಂದ ಬಂದ ಮೋಟಾರು ಜಮಖಂಡಿಯಲ್ಲಿ ನಿಂತಾಗ ಹಲಗಿ ಬಾರಿಸುತ್ತಿದ್ದರು. ಯಾರದೋ ಮೆರವಣಿಗೆ ಎಂದುಕೊಂಡೆ. ನನ್ನದೇ! ವಸ್ತಾದರು ಹಾರ ಹಿಡಿದು ನಿಂತಿದ್ದರು. ತಬ್ಬಿಕೊಂಡು ಕಿವಿಯಲ್ಲಿ ಹೇಳಿದರು: "ಬನಹಟ್ಟಿ ನಿಂಗಪ್ಪನ ಜೋಡಿ ನಿನ್ನ ಕುಸ್ತಿ ಹಚ್ಚೀನಿ. ನಿನ್ನ ಹೆಸರಿಲೆ ನಾನ ವೀಳ್ಯ ಎತ್ತೀನಿ. ನಿಕಾಲಿ ಕುಸ್ತಿ ಮತ್ತ!"

ನಿಕಾಲಿ ಎಂದರೆ ಒಬ್ಬ ಬೀಳುವತನಕ ಬಿಡುವಂತಿಲ್ಲ. ವೀಳ್ಯ ಎತ್ತುವುದೆಂದರೆ ಹತ್ತು ಮಂದಿಯ ಮುಂದೆ ಎಲೆ ಅಡಿಕೆ ಎತ್ತಿ ಮಾತು ಕೊಡುವುದು. ನಮ್ಮ ಕಡೆ ಎತ್ತಿದ ವೀಳ್ಯವನ್ನು ಹಿಂದಕ್ಕೆ ಕೊಟ್ಟ ವಸ್ತಾದನಿಲ್ಲ. ಬನಹಟ್ಟಿಯ ನೂಲಿನ ವ್ಯಾಪಾರಿ ಸಂಗಪ್ಪಣ್ಣ, ಪರದೇಶ ಕಂಡುಬಂದ ಪೈಲ್ವಾನನ ನಿಜವಾದ ಕುಸ್ತಿ ನೋಡಿದರೆ ಜಮಖಂಡಿಯ ತಾಲೀಮನ್ನು ತಾನೇ ನಡೆಸುವುದಾಗಿ ಹೇಳಿದ್ದ. ಮತ್ತೆ ಹಾಲು, ಮತ್ತೆ ಹುಡುಗರು, ಮತ್ತೆ ಹದ ಮಾಡಿದ ಮಣ್ಣು. ವಸ್ತಾದರ ಬದುಕೆಲ್ಲ ಆ ಒಂದು ಕುಸ್ತಿಯ ಮೇಲೆ ನಿಂತಿತ್ತು.

ತಾಲೀಮಿನೊಳಗೆ ಬಂದ ಕೂಡಲೇ ಹೇಳಿದೆ. ಏನೂ ಮುಚ್ಚಿಡಲಿಲ್ಲ. ಕುತ್ತಿಗೆ, ಕೈ, ಡಾಕ್ಟರು, ಎಲ್ಲ ಹೇಳಿದೆ. ಅವರು ನಕ್ಕುಬಿಟ್ಟರು.

"ಆ ಡಾಕ್ಟರ ಒಂದ್ ದಿವಸನರ ಕುಸ್ತಿ ಹಿಡದಾನೇನ?"

"ಇಲ್ರೀ. ಖರೆ, ಯಾರಿಗೂ ಮುಟ್ಟಗೊಡಬ್ಯಾಡ ಅಂದಾರ್ರಿ."

"ನಾ ಯಾರೋ ಏನ್ಲೇ?"

ನನ್ನ ಮೈಯ ಒಂದೊಂದು ಕೀಲೂ ಅವರ ಕೈಯಲ್ಲಿ ಬೆಳೆದದ್ದು. ತಾಲೀಮಿನಲ್ಲಿ ವಸ್ತಾದ ಕುಳಿತುಕೋ ಎಂದರೆ ಕುಳಿತುಕೊಳ್ಳುವುದು, ಬೇರೆ ಮಾತಿಲ್ಲ. ಕುಳಿತೆ. ಬೆಚ್ಚಗಿನ ಎಣ್ಣೆ ಹಚ್ಚಿದರು. ಕೂಸಿನ ತಲೆ ಹಿಡಿದ ಹಾಗೆ ಹಿಡಿದರು. ಸಿಲೋನಿನಲ್ಲಿ ಊಟಕ್ಕೆ ಏನು ಕೊಟ್ಟರು ಎಂದು ಕೇಳಿದರು. ಅನ್ನ, ಮೀನು ಎನ್ನುವಷ್ಟರಲ್ಲಿ ಒಮ್ಮೆಲೆ ಜಗ್ಗಿದರು.

ಬಲಗೈ ತೊಡೆಯ ಮೇಲಿನಿಂದ ಜಾರಿ ಕೆಳಗೆ ಬಿತ್ತು. ನೋವಿಲ್ಲ, ಇರುವೆ ಇಲ್ಲ, ಏನೂ ಇಲ್ಲ. ವಸ್ತಾದರು ಅದನ್ನು ಎತ್ತಿ ತೊಡೆಯ ಮೇಲಿಟ್ಟರು. ಮತ್ತೆ ಬಿತ್ತು. "ಆತು. ನಾಳಿಗಿ ಸಡ್ಲಾಕ್ಕೈತಿ" ಎಂದರು. ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ನಾಳೆ ಸಡಿಲಾಗಲಿಲ್ಲ, ನಾಡಿದ್ದೂ ಆಗಲಿಲ್ಲ. ದಿನಾ ಬೆಳಗ್ಗೆ ಅವರೇ ಆ ಕೈಯನ್ನು ತಿಕ್ಕುತ್ತಿದ್ದರು, ಅವರೇ ನನಗೆ ರೊಟ್ಟಿ ಮುರಿದು ಕೊಡುತ್ತಿದ್ದರು. ಏನಾಗಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕುಸ್ತಿಯ ಹಿಂದಿನ ದಿನ ನಾನೇ ಕೇಳಿದೆ, ಏನು ಮಾಡೂಣ್ರಿ ಎಂದು. ಅವರು ಕಣದ ಮಣ್ಣನ್ನು ಕೆದಕುತ್ತ ಹೇಳಿದರು.

"ಕಣಕ್ಕ ಇಳಿ ಸಾಕು. ನಿಂಗಪ್ಪ ಮೊದಲನೇ ಪಟ್ಟಿಗೇ ಕೆಡವತಾನ. ಕೆಡವಲಿ. ಬಿದ್ದವನ್ನ ನೋಡಿ ಯಾರೂ ಉಗಳಾಂಗಿಲ್ಲೋ ತಮ್ಮಾ, ಬರದವನ್ನ ನೋಡಿ ಉಗಳತಾರ."

ಸೋತು ಬರಲು ನನ್ನನ್ನು ಕಳಿಸುತ್ತಿದ್ದರು. ಜೀವಮಾನದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿ ಮುಖ ಆಚೆ ತಿರುಗಿಸಿಕೊಂಡರು. ನನಗೆ ಅಳು ಬಂತು, ಅತ್ತೆ.

ಬನಹಟ್ಟಿಯ ಕಣದ ಸುತ್ತ ನೇಕಾರರು, ರೈತರು, ಮುಧೋಳ ಬೀಳಗಿಯಿಂದ ಬಂದವರು, ಮರದ ಮೇಲೂ ಜನ. ಸಡ್ಡು ಹೊಡೆಯಬೇಕು, ಎಡಗೈಯಲ್ಲಿ ಎಡತೊಡೆಗೇ ಹೊಡೆದೆ. ಪರದೇಶದ ಪದ್ಧತಿ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು. ನಿಂಗಪ್ಪ ಬಂದ. ಮಗ್ಗದ ಮನೆಯ ಹುಡುಗ, ನನಗಿಂತ ಚಿಕ್ಕವ, ಕಬ್ಬಿಣದಂಥ ಮೈ. ಕುಸ್ತಿಗೆ ಮೊದಲು ಇಬ್ಬರೂ ಮುಷ್ಟಿ ಮಣ್ಣು ಎತ್ತಿ ಒಬ್ಬರ ಅಂಗೈಗೆ ಒಬ್ಬರು ಕೊಡುವುದು ನಮ್ಮ ಪದ್ಧತಿ. ನಾನು ಎಡಗೈಯಿಂದ ಕೊಟ್ಟೆ. ಅವನು ತನ್ನ ಮುಷ್ಟಿಯ ಮಣ್ಣನ್ನು, ಗೊತ್ತಿಲ್ಲದೆ, ನನ್ನ ಬಲ ಅಂಗೈಯನ್ನು ಎತ್ತಿ ಹಿಡಿದು ಅದರಲ್ಲಿ ಹಾಕಿದ. ಬೆರಳು ಮುಚ್ಚಲಿಲ್ಲ. ಮಣ್ಣೆಲ್ಲ ಸುರಿದುಹೋಯಿತು. ನಿಂಗಪ್ಪ ಆ ಕೈಯನ್ನು ನೋಡಿದ, ನನ್ನ ಮುಖ ನೋಡಿದ.

"ಅಣ್ಣಾರ, ಕೈಗೇನಾಗೇತ್ರಿ?"

"ಏನಿಲ್ಲ. ಹಿಡಿ."

ಹಿಡಿದ. ಆದರೆ ಅದೆಂಥ ಹಿಡಿತ! ಹೊಸ ಸೀರೆ ಮಡಚುವವನ ಹಾಗೆ ಮೆಲ್ಲಗೆ. ಕುತ್ತಿಗೆಯ ಮೇಲೆ ಕೈ ಇಡುವನು, ಭಾರ ಹಾಕುವುದಿಲ್ಲ. ಸುತ್ತು ಹೊಡೆಸುವನು, ಪಟ್ಟು ಹಾಕುವುದಿಲ್ಲ. ಮುಖ ಹತ್ತಿರ ಬಂದಾಗ ಬೇಡಿಕೊಂಡೆ: "ಕೆಡವೋ ನಿಂಗಪ್ಪಾ. ನಿನ್ನ ಕಾಲ ಬೀಳ್ತೀನಿ, ಕೆಡವು." ಅವನು ತಲೆಯಾಡಿಸಿದ. "ನನ್ನ ಕೈಲಿ ಆಗೂದಿಲ್ರಿ. ಮೈಯಾಗ ಕಸುವಿಲ್ಲದವ್ರನ ಕೆಡವಿ ನಾ ಹ್ಯಾಂಗ ಊಟ ಮಾಡ್ಲಿ?" ನಾನೇ ಬೀಳೋಣವೆಂದು ಕಾಲು ಸಡಿಲ ಬಿಟ್ಟೆ, ಬೀಳದಂತೆ ಅವನೇ ಎತ್ತಿ ಹಿಡಿದ. ಪುಣ್ಯಾತ್ಮ, ನನ್ನನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದ.

ಜನ ದಡ್ಡರಲ್ಲ. ಒಬ್ಬ ಕೂಗಿದ: "ನೂರಾ!" ಆಮೇಲೆ ಎಲ್ಲ ಕಡೆಯಿಂದ, "ನೂರಾ ಕುಸ್ತಿ! ನೂರಾ!" ಚಪ್ಪಲಿ ಬಂದು ಬಿದ್ದವು. ಪಂಚರು ಬಿಡಿಸಿ, ಯಾರೂ ಗೆದ್ದಿಲ್ಲ, ಬರಾಬರಿ ಎಂದು ಸಾರಿದರು. ನಿಕಾಲಿ ಕುಸ್ತಿಯಲ್ಲಿ ಬರಾಬರಿ! ಹಲಗಿಯವರೂ ಕೈ ನಿಲ್ಲಿಸಿದರು. ಸಂಗಪ್ಪಣ್ಣ ವಸ್ತಾದರ ಮುಂದೆ ಬಂದು ನಿಂತ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು.

"ವಸ್ತಾದರ, ನೀವೂನಾ?"

ಇಷ್ಟೇ ಕೇಳಿ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೋದ.

ನಾನು ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, "ನೋಡ್ರಿಲ್ಲೆ! ಈ ಕೈ..." ಎಂದು ಕೂಗಲು ಹೋದೆ. ವಸ್ತಾದರು ಬಾಯಿಗೆ ಕೈ ಅಡ್ಡ ಹಿಡಿದರು. "ಸುಮ್ಮನಿರಲೇ. ಏನಂತ ಹೇಳ್ತಿ? ಕೈ ಸತ್ತವನ್ನ ಕಣಕ್ಕ ಇಳಿಸ್ಯಾನ ಅಂತಾರ. ಕೈ ಸಾಯಿಸಿದವರ್‍ಯಾರು ಅಂತಾರ. ನೂರಾ ಅಂದ್ರ ಅನ್ಲಿ." ನನ್ನ ಭುಜ ಹಿಡಿದುಕೊಂಡೇ ಚಪ್ಪಲಿಗಳ ನಡುವೆ ನಡೆದು ಬಂದರು.

ಮರುದಿನ ನಿಂಗಪ್ಪ ಜಮಖಂಡಿಗೆ ಬಂದು ಅವರ ಕಾಲು ಹಿಡಿದು ಗೊಳೋ ಎಂದು ಅತ್ತ. "ನಾ ಛಲೋ ಮಾಡಾಕತ್ತೇನಿ ಅನ್ಕೊಂಡಿದ್ನಿರಿ" ಎಂದ. "ಛಲೋನ ಮಾಡಿದೆಪಾ" ಎಂದರು ವಸ್ತಾದರು. ಅವನು ಹೋದ ಮೇಲೆ ಗುದ್ದಲಿ ತಂದರು. ಕಣದ ಮಣ್ಣನ್ನೆಲ್ಲ ಅಗೆದು ಬುಟ್ಟಿ ತುಂಬಿ, ತಾವೇ ತಲೆಯ ಮೇಲೆ ಹೊತ್ತು ಹಿತ್ತಲಿನ ಬೇವಿನ ಮರದ ಬುಡಕ್ಕೆ ಹಾಕಿದರು. ಒಂದು ಕೈಯಲ್ಲಿ ಬುಟ್ಟಿ ಎತ್ತಲು ಬಾರದ ನಾನು ನೋಡುತ್ತ ನಿಂತೆ. ತಾಲೀಮಿಗೆ ಬೀಗ ಬಿತ್ತು. ಆಮೇಲೆ ಕೀಲು ತಪ್ಪಿದವರು ಬಂದರೂ ಅವರು ಯಾರ ಮೈಯನ್ನೂ ಮುಟ್ಟಲಿಲ್ಲ. "ದವಾಖಾನಿಗೆ ಹೋಗ್ರಿ" ಎನ್ನುತ್ತಿದ್ದರು.

ನಾನು ಡ್ರಿಲ್ ಮಾಸ್ತರನಾದ ಕಥೆಯಲ್ಲಿ ಸ್ವಾರಸ್ಯವಿಲ್ಲ. ಎಡಗೈಯಲ್ಲಿ ಸೀಟಿ ಹಿಡಿದು ಮಾಡಬಹುದಾದ ಕೆಲಸ ಅದೊಂದೇ ಇತ್ತು. ಮಕ್ಕಳಿಗೆ ಎಡ ಬಲ ಕಲಿಸುತ್ತ ವಯಸ್ಸು ಕಳೆಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರೇ, ನಿಮಗೆ ನನ್ನ ಮಾತು ಇಷ್ಟೇ: ಯಾವುದೇ ಹುಡುಗ ಕುತ್ತಿಗೆ ಹಿಡಿದುಕೊಂಡು ಬಂದರೆ ಮುಟ್ಟಬೇಡಿ. ನಿಮಗೆ ಅವನ ಮೇಲೆ ಎಷ್ಟು ಪ್ರೀತಿ ಇದ್ದರೂ ಮುಟ್ಟಬೇಡಿ. ಪ್ರೀತಿ ಇದ್ದರಂತೂ ಬೇಡವೇ ಬೇಡ.

ವಸ್ತಾದರು ಮುಪ್ಪಾದರು, ಎರಡೂ ಕಣ್ಣು ಹೋದವು. ಸಾಲೆ ಬಿಟ್ಟ ಮೇಲೆ ದಿನಾ ಅವರಲ್ಲಿಗೆ ಹೋಗುತ್ತಿದ್ದೆ. ಹೋದ ಕೂಡಲೇ ತಡಕಾಡಿ ನನ್ನ ಬಲಗೈ ಹಿಡಿದು ತಿಕ್ಕುತ್ತಿದ್ದರು. "ಬಂತೇನ, ಮಾಳ್ಯಾ?" ಎಂದು ಕೇಳುತ್ತಿದ್ದರು. "ಬರಾಕತ್ತೈತ್ರಿ" ಎನ್ನುತ್ತಿದ್ದೆ. "ನಿನ್ನಿಗಿಂತ ಇವತ್ತ ಛಲೋ ಐತ್ರಿ" ಎನ್ನುತ್ತಿದ್ದೆ. ಅವರ ಮುಖದಲ್ಲಿ ಒಂದಿಷ್ಟು ಬೆಳಕು ಬರುತ್ತಿತ್ತು. ಆ ಸುಳ್ಳನ್ನು ವರ್ಷಗಟ್ಟಲೆ ಹೇಳಿದೆ. ಅದರ ಮೇಲೆಯೇ ಅವರು ಉಸಿರು ಹಿಡಿದುಕೊಂಡಿದ್ದರೆಂದು ಈಗಲೂ ನಂಬುತ್ತೇನೆ.

ಒಂದು ಸಂಜೆ ಹೋಗಿ ಅವರ ಹಾಸಿಗೆಯ ಪಕ್ಕ ಕೂತೆ. ಎಂದಿನಂತೆ ಬಲಗೈಯನ್ನು ಎತ್ತಿ ಕೌದಿಯ ಮೇಲಿಟ್ಟೆ. ಬಾಗಿಲಿನಾಚೆ ಬೇವಿನ ಮರದ ಕೆಳಗೆ ಯಾರದೋ ಕುರಿಗಳು ನಿಂತಿದ್ದವು. ನಾನು ಅತ್ತ ನೋಡುತ್ತಿದ್ದೆ. ವಸ್ತಾದರು ಕೇಳಿದರು.

"ಬಂತೇನ, ಮಾಳ್ಯಾ?"

"ಬಂತ್ರಿ ವಸ್ತಾದರ. ನೀವು ಹಿಡದದ್ದು ಇವತ್ತ ಛಲೋತಂಗೆ ಗೊತ್ತಾಗಾಕತ್ತೈತ್ರಿ."

ಅವರು ನನ್ನ ಕಡೆ ಮುಖ ತಿರುಗಿಸಿದರು.

"ನಾ ಇನ್ನ ಹಿಡದೇ ಇಲ್ಲೋ, ತಮ್ಮಾ."

ತಿರುಗಿ ನೋಡಿದೆ. ಅವರ ಎರಡೂ ಕೈ ಕೌದಿಯ ಒಳಗಿದ್ದವು. ಆಮೇಲೆ ಸಾಯುವತನಕ ಅವರು ಆ ಕೈಯ ಮಾತು ಎತ್ತಲಿಲ್ಲ.